ತಂಗಿಗೆ ಸಲೀಸು, ನನಗೆ ಒದ್ದಾಟ: ಇನ್ನೊಂದು ಸಲ ಬರೆಯಲೇ, ಬಿಟ್ಟುಬಿಡಲೇ?

ಪ್ರಶ್ನೆ: ನನಗೆ 24 ವರ್ಷ. ಸಂಖ್ಯಾಶಾಸ್ತ್ರದಲ್ಲಿ ಮುಂದೆ ಓದಬೇಕೆಂದು ಪ್ರವೇಶ ಪರೀಕ್ಷೆ ಬರೆಯುತ್ತಿದ್ದೇನೆ. ಎರಡು ಸಲ ಬರೆದೆ, ಎರಡು ಸಲವೂ ಸೀಟು ಸಿಗಲಿಲ್ಲ. ಮೊದಲ ಸಲ ನೂರಕ್ಕೆ 41 ಬಂತು, ಎರಡನೇ ಸಲ 52. ಸೀಟಿಗೆ 60 ದಾಟಬೇಕು. ಚಿಕ್ಕಪ್ಪನ ಮಗಳು ನನ್ನ ಜೊತೆಗೇ ಇದ್ದು ಓದಿದಳು. ನನಗಿಂತ ಎರಡು ವರ್ಷ ಚಿಕ್ಕವಳು. ಮೊದಲ ಸಲವೇ ಪಾಸಾಗಿ ಈಗ ಅದೇ ಕೋರ್ಸಿನಲ್ಲಿದ್ದಾಳೆ. ನಾನು ದಿನಕ್ಕೆ ಹತ್ತು ಗಂಟೆ ಕೂರುತ್ತೇನೆ. ಮೂರು ಬಣ್ಣದ ಪೆನ್ನಿನಲ್ಲಿ ನೋಟ್ಸ್ ಮಾಡುತ್ತೇನೆ, ಬಿಡಿಸಿದ ಲೆಕ್ಕಗಳನ್ನು ಮೂರು ಮೂರು ಸಲ ಓದುತ್ತೇನೆ. ಅವಳು ಅರ್ಧ ಗಂಟೆ ಪುಸ್ತಕ ನೋಡಿ ಮುಚ್ಚಿಡುತ್ತಿದ್ದಳು. ಆಮೇಲೆ ಯಾವುದೋ ಹಾಳೆಯ ಹಿಂದೆ ಏನೋ ಗೀಚುತ್ತಾ ಕೂತಿರುತ್ತಿದ್ದಳು. ಪರೀಕ್ಷೆಯಲ್ಲಿ ಪ್ರಶ್ನೆ ನೋಡಿದರೆ ಗೊತ್ತಿರುವುದೇ ಅನ್ನಿಸುತ್ತದೆ, ಆದರೆ ಕೈ ಓಡುವುದಿಲ್ಲ. ಮನೆಯಲ್ಲಿ ಎಲ್ಲರೂ "ಅವಳಿಗೆ ತಲೆ ಇದೆ, ಇವಳದು ಬರೀ ಕಷ್ಟ" ಅನ್ನುತ್ತಾರೆ. ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಆಮೇಲೆ ನನ್ನ ಮೇಲೆ ನನಗೇ ಬೇಸರ. ಪ್ರತಿಭೆ ಇಲ್ಲದವರು ಎಷ್ಟು ಕಷ್ಟಪಟ್ಟರೂ ಅಷ್ಟೇನಾ? ಇನ್ನೊಂದು ಸಲ ಬರೆಯಲೇ, ಬಿಟ್ಟುಬಿಡಲೇ?

ಉತ್ತರ: ಬರೆಯಿರಿ. ಆದರೆ ಈಗ ಓದುತ್ತಿರುವ ಹಾಗೆಯೇ ಓದಿಕೊಂಡು ಹೋಗಿ ಬರೆಯಬೇಡಿ.

ಬರೆಯಿರಿ ಎನ್ನಲು ಕಾರಣ ನಿಮ್ಮ ಪತ್ರದಲ್ಲೇ ಇದೆ. ನೀವು ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. 41 ಇದ್ದದ್ದು 52 ಆಗಿದೆ. ಹನ್ನೊಂದು ಅಂಕ ಮೇಲೆ ಬಂದಿದ್ದೀರಿ, ಇನ್ನು ಎಂಟೊಂಬತ್ತು ಬೇಕು. ತಲೆಯೇ ಇಲ್ಲದವರಿಗೆ ಹೀಗೆ ಅಂಕ ಏರುವುದಿಲ್ಲ. ಮನೆಯವರು ನಿಮ್ಮನ್ನು ತಂಗಿಯ ಪಕ್ಕದಲ್ಲಿಟ್ಟು ನೋಡುತ್ತಿದ್ದಾರೆ, ಅದಕ್ಕೆ ಅವರಿಗೆ ಈ ಹನ್ನೊಂದು ಕಾಣುತ್ತಿಲ್ಲ. ನೀವೂ ಅವರ ಕಣ್ಣಿನಿಂದಲೇ ನಿಮ್ಮನ್ನು ನೋಡಿಕೊಳ್ಳುತ್ತಿದ್ದೀರಿ. ನನಗೆ ನೋವಾದದ್ದು ಅಲ್ಲಿ.

ಇನ್ನು ಪ್ರತಿಭೆಯ ಮಾತು. ಪ್ರತಿಭೆ ಅನ್ನುವುದೆಲ್ಲ ಸುಳ್ಳು, ದುಡಿದರೆ ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು ಎಂದು ನಾನು ಹೇಳುವುದಿಲ್ಲ. ಕೇಳಲು ಅದು ಸಮಾಧಾನದ ಮಾತು. ಆದರೆ ಸೋತವರ ಕಿವಿಗೆ ಅದೇ ಮಾತು "ನೀನು ಸಾಕಷ್ಟು ದುಡಿಯಲಿಲ್ಲ" ಎಂದು ಕೇಳಿಸುತ್ತದೆ. ದಿನಕ್ಕೆ ಹತ್ತು ಗಂಟೆ ಕೂತವರಿಗೆ ಹಾಗೆ ಹೇಳುವುದು ಅನ್ಯಾಯ.

ಕಲಿಯುವ ವೇಗದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಇದ್ದೇ ಇದೆ. ಅರ್ಜೆಂಟೀನಾದ ಚೆಸ್ ಆಟಗಾರರ ಮೇಲೆ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಮಾಸ್ಟರ್ ಮಟ್ಟ ಮುಟ್ಟಲು ಒಬ್ಬರಿಗೆ ಸುಮಾರು 3 ಸಾವಿರ ಗಂಟೆಯ ಅಭ್ಯಾಸ ಸಾಕಾಯಿತು, ಇನ್ನೊಬ್ಬರಿಗೆ 23 ಸಾವಿರಕ್ಕೂ ಜಾಸ್ತಿ ಬೇಕಾಯಿತು. ಎಷ್ಟು ಅಂತರ ನೋಡಿ! ಆದರೆ ಇಬ್ಬರೂ ಮಾಸ್ಟರ್ ಆದರು ಎನ್ನುವುದೂ ಅಷ್ಟೇ ನಿಜ.

ನಿಮಗೆ ಹೇಳಲೇಬೇಕಾದ ಇನ್ನೊಂದು ಕತೆ ಎತ್ತರ ಜಿಗಿತದ್ದು. ಸ್ವೀಡನ್ನಿನ ಸ್ಟೆಫಾನ್ ಹೋಲ್ಮ್ ಚಿಕ್ಕಂದಿನಿಂದ ಜಿಗಿಯುತ್ತಲೇ ಬೆಳೆದವರು. ಎತ್ತರ ಬರೀ 1.81 ಮೀಟರ್. ಈ ಆಟಕ್ಕೆ ಅದು ಕಡಿಮೆಯೇ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಮರುವರ್ಷ 2.40 ಮೀಟರ್ ಜಿಗಿದರು, ಅಂದರೆ ತಮ್ಮ ತಲೆಗಿಂತ 59 ಸೆಂಟಿಮೀಟರ್ ಮೇಲೆ. ಅದೇ ಹೊತ್ತಿಗೆ ಬಹಾಮಾಸ್‌ನ ಡೊನಾಲ್ಡ್ ಥಾಮಸ್ ಎಂಬ ಹುಡುಗ ಬಾಸ್ಕೆಟ್‌ಬಾಲ್ ಆಡಿಕೊಂಡಿದ್ದ. 2006ರಲ್ಲಿ ಗೆಳೆಯನ ಜೊತೆ ಪಂತ ಕಟ್ಟಿ ಎತ್ತರ ಜಿಗಿತಕ್ಕೆ ಇಳಿದ. ಎರಡು ವರ್ಷವೂ ತುಂಬಿರಲಿಲ್ಲ, 2007ರಲ್ಲಿ ಜಪಾನಿನ ಒಸಾಕಾದಲ್ಲಿ 2.35 ಮೀಟರ್ ಜಿಗಿದು ವಿಶ್ವ ಚಾಂಪಿಯನ್ ಆದ. ಹೋಲ್ಮ್ ಆ ದಿನ 2.33 ಜಿಗಿದು ನಾಲ್ಕನೆಯವರಾದರು.

ಅಷ್ಟು ವರ್ಷ ಬೆವರು ಹರಿಸಿದ ಹೋಲ್ಮ್‌ಗೆ ಅವತ್ತು ಹೇಗಾಗಿರಬೇಡ? ನಿಮಗೆ ಅದು ಗೊತ್ತು. ನೀವು ಅದೇ ಜಾಗದಲ್ಲಿ ಕೂತು ಪತ್ರ ಬರೆದಿದ್ದೀರಿ.

ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿ "ನೋಡಿ, ಹುಟ್ಟುಗುಣವೇ ಗೆದ್ದಿತು" ಅನ್ನುವವರಿದ್ದಾರೆ. ನಾನು ಮುಂದಕ್ಕೂ ಓದುತ್ತೇನೆ. ಥಾಮಸ್ ಆಮೇಲೆ ಎಷ್ಟೋ ವರ್ಷ ಅಭ್ಯಾಸ ಮಾಡಿದರು. ಅವರ ಜೀವನದ ಅತಿ ಎತ್ತರದ ಜಿಗಿತ 2.37 ಮೀಟರ್, ಅದೂ 2016ರಲ್ಲಿ. ಹೋಲ್ಮ್ ಅವರ 2.40ನ್ನು ಅವರು ಮುಟ್ಟಲಿಲ್ಲ. ಒಬ್ಬರು ಎತ್ತರದಲ್ಲೇ ಶುರು ಮಾಡಿದರು. ಇನ್ನೊಬ್ಬರು ಕೆಳಗಿನಿಂದ ಹತ್ತಿ ಅದಕ್ಕೂ ಮೇಲೆ ಹೋದರು. ಇನ್ನೂ ಒಂದು ಮಾತು. ವಿಶ್ವ ಚಾಂಪಿಯನ್ ಪಟ್ಟ ಸಿಗುವುದು ಒಬ್ಬರಿಗೆ ಮಾತ್ರ. ನಿಮ್ಮ ಪರೀಕ್ಷೆ ಕೇಳುತ್ತಿರುವುದು 60 ಅಂಕ. ಅದನ್ನು ನೀವೂ ದಾಟಬಹುದು, ನಿಮ್ಮ ತಂಗಿಯೂ ದಾಟಬಹುದು. ಅವಳು ದಾಟಿದ್ದರಿಂದ ನಿಮ್ಮದೇನೂ ಕಡಿಮೆಯಾಗಿಲ್ಲ.

ಹಾಗಾದರೆ ಅಷ್ಟು ಕಷ್ಟಪಟ್ಟರೂ ಯಾಕೆ 52ಕ್ಕೇ ನಿಂತಿತು? ನನ್ನ ಅನುಮಾನ ನಿಮ್ಮ ತಲೆಯ ಮೇಲಿಲ್ಲ, ಆ ಮೂರು ಬಣ್ಣದ ಪೆನ್ನಿನ ಮೇಲಿದೆ. ಪ್ರಶ್ನೆ ಗೊತ್ತಿರುವುದೇ ಅನ್ನಿಸುತ್ತದೆ, ಕೈ ಓಡುವುದಿಲ್ಲ ಎಂದಿದ್ದೀರಿ ಅಲ್ವಾ? ಬಿಡಿಸಿದ ಲೆಕ್ಕವನ್ನು ಮತ್ತೆ ಮತ್ತೆ ಓದಿದರೆ ಆಗುವುದೇ ಅದು. ಕಣ್ಣಿಗೆ ಪರಿಚಯವಾಗುತ್ತದೆ, ಕೈಗೆ ಆಗುವುದಿಲ್ಲ.

ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ, ನಿಮ್ಮ ವಿಷಯದ್ದೇ. ಒಂದು ಕಾಯಿಲೆ ಸಾವಿರಕ್ಕೆ ಒಬ್ಬರಿಗಿದೆ. ಅದನ್ನು ಪತ್ತೆ ಹಚ್ಚುವ ಪರೀಕ್ಷೆ, ಕಾಯಿಲೆ ಇರುವ ನೂರು ಜನರಲ್ಲಿ 99 ಜನರನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ ನೂರು ಜನರಲ್ಲಿ 5 ಜನಕ್ಕೂ ತಪ್ಪಾಗಿ "ಇದೆ" ಎನ್ನುತ್ತದೆ. ಈಗ ಒಬ್ಬರಿಗೆ "ಇದೆ" ಎಂದು ಬಂದರೆ ನಿಜವಾಗಿ ಕಾಯಿಲೆ ಇರುವ ಸಂಭವ ಎಷ್ಟು? ಪುಸ್ತಕದಲ್ಲಿ ಬಿಡಿಸಿದ್ದನ್ನು ಓದಿದರೆ ಪ್ರತಿ ಸಾಲೂ ಸರಿ ಅನ್ನಿಸುತ್ತದೆ, ತಲೆ ಆಡಿಸುತ್ತಾ ಮುಂದೆ ಹೋಗುತ್ತೀರಿ. ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಮಾಡಿ ನೋಡಿ. ತುಂಬಾ ಜನ ಎಡವುವುದು ಒಂದೇ ಜಾಗದಲ್ಲಿ: ಕಾಯಿಲೆ ಇಲ್ಲದ 999 ಜನರಲ್ಲಿ ಸುಮಾರು 50 ಜನ "ಇದೆ" ಎನ್ನಿಸಿಕೊಂಡಿದ್ದಾರೆ, ಅವರನ್ನು ಎಣಿಸುವುದು ಮರೆತುಹೋಗುತ್ತದೆ. ಅವರನ್ನೂ ಸೇರಿಸಿದರೆ ಉತ್ತರ 51ಕ್ಕೆ ಒಂದು, ಅಂದರೆ ನೂರಕ್ಕೆ ಎರಡರಷ್ಟು. ಬಿಟ್ಟರೆ ನೂರಕ್ಕೆ 99 ಎಂದು ಬರೆದು ಬರುತ್ತೀರಿ. ತಾನು ಎಡವುವ ಜಾಗ ಇದು ಎಂದು ಓದುವಾಗ ಯಾರಿಗೂ ತಿಳಿಯುವುದಿಲ್ಲ. ಬರೆಯಲು ಕೂತಾಗಲೇ ಅದು ಸಿಗುವುದು.

ಇದನ್ನು ಅಳತೆ ಮಾಡಿಯೂ ನೋಡಿದ್ದಾರೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ಕೆಲವು ಪಾಠಗಳನ್ನು ಓದಿದರು. ಒಂದು ಪಾಠವನ್ನು ಇನ್ನೊಮ್ಮೆ ಓದಿದರು, ಇನ್ನೊಂದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದ್ದೇ ಜಾಸ್ತಿ ನೆನಪಿತ್ತು. ಒಂದು ವಾರ ಬಿಟ್ಟು ಕೇಳಿದಾಗ ತಿರುಗಾಮುರುಗಾ. ಮತ್ತೆ ಓದಿದ್ದರಲ್ಲಿ ನೂರಕ್ಕೆ 42ರಷ್ಟು ನೆನಪಿತ್ತು, ನೆನಪಿನಿಂದ ಬರೆದಿದ್ದರಲ್ಲಿ 56ರಷ್ಟು. ರಾತ್ರಿ ಪುಸ್ತಕ ಮುಚ್ಚುವಾಗ ಎಲ್ಲ ಬಂತು ಅನ್ನಿಸಿ, ಪರೀಕ್ಷೆಯ ದಿನ ಏನೂ ಬರದಿರುವುದು ಇದರಿಂದಲೇ.

ಈಗ ನಿಮ್ಮ ತಂಗಿಯನ್ನು ನೆನೆಸಿಕೊಳ್ಳಿ. ಅರ್ಧ ಗಂಟೆ ಓದಿ ಪುಸ್ತಕ ಮುಚ್ಚಿ ಹಾಳೆಯ ಹಿಂದೆ ಗೀಚುತ್ತಿದ್ದಳು. ನಿಮ್ಮ ಕಣ್ಣಿಗೆ ಅದು ಓದು ಅಂತ ಕಾಣಲೇ ಇಲ್ಲ. ಅವಳ ಶ್ರಮವೆಲ್ಲ ಇದ್ದದ್ದು ಆ ಗೀಚಾಟದಲ್ಲಿ ಎಂದು ನನಗೆ ಅನ್ನಿಸುತ್ತದೆ. ಅವಳಿಗೆ ಚುರುಕು ಇರಬಹುದು, ಇರಲಿ. ಆದರೆ ಅವಳು ಸುಮ್ನೆ ಪಾಸಾದವಳಲ್ಲ.

ನಾಳೆಯಿಂದ ಹತ್ತು ಗಂಟೆ ಬಿಡಿ. ಐದಕ್ಕೆ ಇಳಿಸಿ. ಭಯವಾಗುತ್ತದೆ, ಗೊತ್ತು. 10 ಸಾವಿರ ಗಂಟೆ ದುಡಿದರೆ ಯಾವುದರಲ್ಲೂ ನಿಪುಣರಾಗಬಹುದು ಎಂಬ ಮಾತು ಹುಟ್ಟಿದ್ದು ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ 1993ರಲ್ಲಿ ಬರೆದ ಅಧ್ಯಯನದಿಂದ. ಅದರಲ್ಲಿ 10 ಸಾವಿರ ಬರೀ ಒಂದು ಸರಾಸರಿ, ನಿಯಮವಲ್ಲ. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಯಾರೂ ಹೇಳುವುದೇ ಇಲ್ಲ. ಅಲ್ಲಿನ ಅತ್ಯುತ್ತಮ ವಿದ್ಯಾರ್ಥಿಗಳು ಒಬ್ಬರೇ ಕೂತು ಅಭ್ಯಾಸ ಮಾಡುತ್ತಿದ್ದದ್ದು ವಾರಕ್ಕೆ ಸುಮಾರು 24 ಗಂಟೆ, ದಿನಕ್ಕೆ ಮೂರೂವರೆ ಗಂಟೆಯಷ್ಟು. ಮಧ್ಯೆ ಮಧ್ಯೆ ಬಿಡುವು ಕೊಡುತ್ತಿದ್ದರು. ನಿದ್ದೆಯನ್ನೂ ಚೆನ್ನಾಗಿ ಮಾಡುತ್ತಿದ್ದರು. ಮನಸ್ಸಿಟ್ಟು ಮಾಡುವ ಕೆಲಸ ಸುಸ್ತು ಹೊಡೆಸುತ್ತದೆ, ಅದನ್ನು ಹತ್ತು ಗಂಟೆ ಎಳೆಯಲು ಆಗುವುದಿಲ್ಲ. ಎಳೆಯಲು ಆಗುತ್ತಿದೆ ಅಂದರೆ ಎಲ್ಲೋ ಬರೀ ಕಣ್ಣು ಓಡುತ್ತಿದೆ ಎಂದೇ ಅರ್ಥ.

ಆ ಐದು ಗಂಟೆಯಲ್ಲಿ ಮೊದಲು ಸ್ವಲ್ಪ ಓದಿ, ಪುಸ್ತಕ ಮುಚ್ಚಿ, ಲೆಕ್ಕ ಮಾಡಿ. ಸಿಕ್ಕಿಹಾಕಿಕೊಂಡರೂ ತಕ್ಷಣ ಉತ್ತರ ನೋಡಬೇಡಿ. ಹತ್ತು ನಿಮಿಷ ಒದ್ದಾಡಿ. ಆಮೇಲೆ ನೋಡಿದಾಗ ನಿಮ್ಮ ತಪ್ಪು ಎಲ್ಲಿತ್ತು ಎಂದು ಒಂದು ಬೇರೆ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ. "ಕೇರ್‌ಲೆಸ್ ಮಿಸ್ಟೇಕ್" ಎಂದು ಬರೆದು ಮುಗಿಸಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. "ಕಾಯಿಲೆ ಇಲ್ಲದವರನ್ನು ಎಣಿಸಲಿಲ್ಲ" ಎಂದು ಬರೆಯಿರಿ. ಅದೇ ಲೆಕ್ಕವನ್ನು ಮೂರು ದಿನ ಬಿಟ್ಟು ಮತ್ತೆ ಮಾಡಿ, ವಾರ ಬಿಟ್ಟು ಇನ್ನೊಮ್ಮೆ. ತಿಂಗಳಾಗುವ ಹೊತ್ತಿಗೆ ನಿಮ್ಮ ತಪ್ಪುಗಳಲ್ಲಿ ನಾಲ್ಕೈದು ಜಾತಿ ಮಾತ್ರ ಇರುವುದು ಕಾಣುತ್ತದೆ. ಬೇಕಿರುವ ಎಂಟೊಂಬತ್ತು ಅಂಕ ಅಲ್ಲೇ ಸಿಗಬಹುದು ಎಂಬ ಭರವಸೆ ನನಗಿದೆ.

ತಂಗಿ ರಜೆಗೆ ಬಂದಾಗ ಒಂದು ಲೆಕ್ಕ ಮುಂದಿಟ್ಟು "ಇದನ್ನ ಹೇಗೆ ಶುರು ಮಾಡ್ತೀಯಾ, ಬಾಯಿಬಿಟ್ಟು ಹೇಳ್ತಾ ಮಾಡು" ಎಂದು ಕೇಳಿ. ಅಕ್ಕನಾಗಿ ತಂಗಿಯನ್ನು ಕೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಕೇಳಿ. ಅವಳು ಮೊದಲ ಸಾಲಿನಲ್ಲಿ ಏನು ಬರೆಯುತ್ತಾಳೆ, ಎಲ್ಲಿ ತಡೆಯುತ್ತಾಳೆ, ತಪ್ಪಾದಾಗ ಏನು ಮಾಡುತ್ತಾಳೆ, ಅದನ್ನು ನೋಡಿ. ಅವಳೂ ತಡೆಯುತ್ತಾಳೆ. ಅದನ್ನು ಕಣ್ಣಾರೆ ಕಂಡರೆ ಹೊಟ್ಟೆಕಿಚ್ಚು ಅರ್ಧ ಇಳಿಯುತ್ತದೆ. ಹೊಟ್ಟೆಕಿಚ್ಚು ಪಟ್ಟಿದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳುವುದನ್ನೂ ಬಿಡಿ. ಒಂದೇ ಕೋಣೆಯಲ್ಲಿ ಕೂತು, ಒಂದೇ ಪರೀಕ್ಷೆ ಬರೆದು, ಮನೆತುಂಬ ಹೋಲಿಕೆ ಕೇಳಿಸಿಕೊಂಡರೆ ಯಾರಿಗಾದರೂ ಬರುತ್ತದೆ.

ಅವಳ ಕಡೆಯೂ ಒಂದು ಭಾರವಿದೆ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಶಾಲೆಯ ಮಕ್ಕಳ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. "ನೀನು ಬುದ್ಧಿವಂತ" ಎಂದು ಹೊಗಳಿಸಿಕೊಂಡ ಮಕ್ಕಳು, ಒಂದು ಕಷ್ಟದ ಸುತ್ತಿನಲ್ಲಿ ಸೋತ ಮೇಲೆ ಬೇಗ ಉತ್ಸಾಹ ಕಳೆದುಕೊಂಡರು. "ಚೆನ್ನಾಗಿ ಪ್ರಯತ್ನಪಟ್ಟೆ" ಎನ್ನಿಸಿಕೊಂಡವರು ಮತ್ತೆ ಕೈ ಹಾಕಿದರು. "ತಲೆ ಇದೆ" ಎನ್ನಿಸಿಕೊಂಡವಳಿಗೆ ಮುಂದೆ ಒಂದು ವಿಷಯ ಅರ್ಥವಾಗದಿದ್ದರೆ ಯಾರ ಹತ್ತಿರ ಹೇಳಿಕೊಳ್ಳುತ್ತಾಳೆ? ನಿಮ್ಮ ಹತ್ತಿರ ಹೇಳಿಕೊಳ್ಳುವ ಹಾಗಿರಲಿ.

ಮನೆಯವರ ಮಾತಿಗೆ ಜಗಳ ಬೇಡ. ಅಮ್ಮ ಒಬ್ಬರೇ ಇದ್ದಾಗ ಕೂತು ಹೇಳಿ: "ಅಮ್ಮಾ, ಬರೀ ಕಷ್ಟ ಅಂತೀಯಲ್ಲ, ಅದು ನಂಗೆ ಚುಚ್ಚುತ್ತೆ. ಹೋದ ಸಲಕ್ಕಿಂತ ಹನ್ನೊಂದು ಅಂಕ ಜಾಸ್ತಿ ಬಂದಿದೆ, ಅದನ್ನೂ ನೋಡು." ಇಷ್ಟೇ ಸಾಕು. ಅಂಕದ ಪಟ್ಟಿ ಕೈಯಲ್ಲಿರಲಿ.

ಕೊನೆಯದಾಗಿ, ಮೂರನೇ ಸಲಕ್ಕೆ ಒಂದು ಗಡಿ ಹಾಕಿಕೊಳ್ಳಿ. ಎರಡು ವಾರಕ್ಕೊಮ್ಮೆ ಒಂದು ಹಳೇ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯಿರಿ, ಅಂಕವನ್ನು ದಿನಾಂಕದ ಜೊತೆ ಒಂದು ಹಾಳೆಯಲ್ಲಿ ಗುರುತು ಹಾಕಿ. ಒಂದು ಸಲ ಇಳಿದರೆ ಗಾಬರಿ ಬೇಡ. ನಾಲ್ಕು ತಿಂಗಳ ಸಾಲು ಯಾವ ಕಡೆ ಹೋಗುತ್ತಿದೆ ಎಂದು ನೋಡಿ. ಏರುತ್ತಿದ್ದರೆ ಬೇರೆ ಯೋಚನೆ ಬೇಡ. ಓದುವ ರೀತಿ ಪೂರ್ತಿ ಬದಲಾಯಿಸಿದ ಮೇಲೂ 52ರ ಸುತ್ತಲೇ ಇದ್ದರೆ, ಪರೀಕ್ಷೆಗೆ ಮೊದಲೇ ಇನ್ನೊಂದು ದಾರಿಯನ್ನೂ ನೋಡಿಟ್ಟುಕೊಳ್ಳಿ. ಅಂಕಿಅಂಶ ವಿಶ್ಲೇಷಣೆ, ಸಮೀಕ್ಷೆ, ವಿಮೆ, ಪಾಠ ಹೇಳುವುದು, ಎಲ್ಲ ಕಡೆಯೂ ನೀವು ಈಗಾಗಲೇ ಕಲಿತದ್ದಕ್ಕೆ ಕೆಲಸವಿದೆ. ಆಗ ಆ ಹಾಳೆಯನ್ನು ಮುಂದಿಟ್ಟುಕೊಂಡು ಅಪ್ಪ ಅಮ್ಮನ ಜೊತೆ ಮಾತಾಡಿ. ಮೊದಲ ಪತ್ರಿಕೆಯನ್ನು ಈ ಭಾನುವಾರವೇ ಬರೆದುಬಿಡಿ, ತಯಾರಿ ಸಾಲದು ಅನ್ನಿಸಿದರೂ ಪರವಾಗಿಲ್ಲ.