ಅಣ್ಣನ ವರದಿಯನ್ನು ತಂಗಿಗೆ ಕಳಿಸಲೇ?

ಪ್ರಶ್ನೆ: ನಾವು ಮೂವರು ಒಡಹುಟ್ಟಿದವರು. ಅಣ್ಣನಿಗೆ ಸ್ತನ ಕ್ಯಾನ್ಸರ್ ಆಗಿ ಚಿಕಿತ್ಸೆ ಮುಗಿದಿದೆ; ಇದು ಮನೆಯವರಿಗೆಲ್ಲ ಗೊತ್ತು. ಆಗ ಮಾಡಿಸಿದ ಜೀನ್ ಪರೀಕ್ಷೆಯಲ್ಲಿ ಬಿಆರ್‌ಸಿಎ2 ಎಂಬ ಜೀನಿನಲ್ಲಿ ದೋಷ ಕಂಡುಬಂದಿರುವುದು ಮಾತ್ರ ನನ್ನೊಬ್ಬಳಿಗೇ ಗೊತ್ತು. ಯಾರಿಗೂ ಹೇಳಕೂಡದೆಂದು ಅಣ್ಣ ಮಾತು ತೆಗೆದುಕೊಂಡಿದ್ದಾನೆ. ವರದಿ ನನ್ನ ಮೊಬೈಲ್‌ನಲ್ಲಿದೆ. ಹೊರದೇಶದಲ್ಲಿರುವ ತಂಗಿಗೆ ಅಲ್ಲಿನ ವೈದ್ಯರು ಕುಟುಂಬದ ಕಾಯಿಲೆಗಳ ವಿವರ ಕೇಳಿದ್ದಾರಂತೆ. “ಅಣ್ಣನ ವರದಿ ಏನಾದರೂ ಇದ್ದರೆ ಕಳಿಸು, ಅವನಿಗೆ ಹೇಳುವುದು ಬೇಡ” ಎನ್ನುತ್ತಾಳೆ. ಕಳಿಸದಿದ್ದರೆ ತಂಗಿಗೆ ಅನ್ಯಾಯ, ಕಳಿಸಿದರೆ ಅಣ್ಣನಿಗೆ ದ್ರೋಹ. ಏನು ಮಾಡಲಿ?

ಉತ್ತರ: ಅಣ್ಣನಿಗೆ ತಿಳಿಯದಂತೆ ಆ ವರದಿಯನ್ನು ಕಳಿಸಬೇಡಿ. ಹಾಗೆಂದು ಕೊಟ್ಟ ಮಾತಿನ ನೆಪದಲ್ಲಿ ಕೈಕಟ್ಟಿ ಕೂರುವುದನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ನಿಮ್ಮ ತಂಗಿ ಕೇಳುತ್ತಿರುವುದು ಕುತೂಹಲಕ್ಕಲ್ಲ.

ಬಿಆರ್‌ಸಿಎ2 ದೋಷ ತಂದೆ ಅಥವಾ ತಾಯಿಯಿಂದ ಬಂದಿದ್ದರೆ ಪ್ರತಿಯೊಂದು ಮಗುವಿಗೂ ಅದು ಇಳಿದು ಬಂದಿರುವ ಸಾಧ್ಯತೆ ಶೇಕಡಾ 50. ಈ ಮಾತು ತಂಗಿಗೆಷ್ಟೋ ನಿಮಗೂ ಅಷ್ಟೇ ಅನ್ವಯಿಸುತ್ತದೆ. ನಿಮ್ಮ ಪತ್ರದಲ್ಲಿ ಅದರ ಸುಳಿವೇ ಇಲ್ಲದಿರುವುದು ನನ್ನನ್ನು ತುಸು ಚಿಂತೆಗೀಡುಮಾಡಿತು. ಈ ದೋಷವಿರುವ ಹೆಂಗಸರಲ್ಲಿ ಸ್ತನ ಹಾಗೂ ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚು, ಮೊದಲೇ ತಿಳಿದರೆ ಬೇಗನೆ ತಪಾಸಣೆ ಆರಂಭಿಸಬಹುದು. ಕುಟುಂಬದಲ್ಲಿರುವ ದೋಷ ಇಂಥದ್ದೇ ಎಂದು ಮುಂಚೆ ಗೊತ್ತಿದ್ದರೆ ಪ್ರಯೋಗಾಲಯದವರು ಆ ಒಂದು ಜಾಗವನ್ನು ನೋಡಿ ಇದೆ ಅಥವಾ ಇಲ್ಲ ಎಂದು ಖಚಿತವಾಗಿ ಹೇಳುತ್ತಾರೆ. ಗೊತ್ತಿಲ್ಲದಿದ್ದರೆ “ದೋಷ ಕಂಡುಬಂದಿಲ್ಲ” ಎಂಬ ಫಲಿತಾಂಶವೂ ಪೂರ್ತಿ ನೆಮ್ಮದಿ ಕೊಡುವುದಿಲ್ಲ.

ಆದರೆ ಇದಕ್ಕೆ ಬೇಕಾದದ್ದು ಎರಡು ಸಾಲು ಮಾತ್ರ: ಜೀನಿನ ಹೆಸರು ಮತ್ತು ಅದರಲ್ಲಿ ಆಗಿರುವ ನಿರ್ದಿಷ್ಟ ಬದಲಾವಣೆಯ ವಿವರ. ನಿಮ್ಮ ಮೊಬೈಲ್‌ನಲ್ಲಿರುವ ವರದಿಯಲ್ಲಿ ಅಣ್ಣನ ಹೆಸರು, ವಯಸ್ಸು, ಆಸ್ಪತ್ರೆಯ ನೋಂದಣಿ ಸಂಖ್ಯೆ, ಪರೀಕ್ಷೆಯ ಕಾರಣ, ಪ್ರಾಯಶಃ ಕಾಯಿಲೆಯ ಹಂತವೂ ಇರುತ್ತದೆ. ತಂಗಿ ಅದನ್ನು ಅಲ್ಲಿನ ಆಸ್ಪತ್ರೆಗೆ ಕೊಟ್ಟ ಕ್ಷಣದಿಂದ ಅದು ಅವಳ ಕಡತದ ಭಾಗವಾಗುತ್ತದೆ, ಆ ದೇಶದ ನಿಯಮಕ್ಕೆ ಒಳಪಡುತ್ತದೆ, ಆ ಕಡತವನ್ನು ಯಾರು ಯಾರು ನೋಡುತ್ತಾರೆಂದು ಕೇಳಲು ಅಣ್ಣನಿಗೆ ದಾರಿಯೇ ಇರುವುದಿಲ್ಲ. ನಿಯಮಗಳೂ ಒಂದೇ ತೆರನಾಗಿಲ್ಲ. ಅಮೆರಿಕದಲ್ಲಿ 2008ರ ಕಾಯ್ದೆಯೊಂದು ಆರೋಗ್ಯ ವಿಮೆಯವರೂ ಉದ್ಯೋಗದಾತರೂ ಜೀನ್ ಮಾಹಿತಿಯ ಆಧಾರದ ಮೇಲೆ ಭೇದ ಮಾಡದಂತೆ ತಡೆಯುತ್ತದೆ, ಆದರೆ ಜೀವ ವಿಮೆಗೆ ಅದು ಅನ್ವಯಿಸುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣೆಯ ಕಾನೂನು ಜೀನ್ ಮಾಹಿತಿಯನ್ನು ವಿಶೇಷ ರಕ್ಷಣೆಯ ವರ್ಗಕ್ಕೆ ಸೇರಿಸಿದೆ. ಸಾಕಷ್ಟು ರಕ್ಷಣೆಯಿಲ್ಲದ ದೇಶಕ್ಕೆ ಸಂಸ್ಥೆಯೊಂದು ಒಪ್ಪಿಗೆಯ ಬಲದ ಮೇಲೆ ಮಾಹಿತಿ ಕಳಿಸುವುದಾದರೆ, ಅಲ್ಲಿರಬಹುದಾದ ಅಪಾಯವನ್ನು ತಿಳಿಸಿದ ಮೇಲೆ ಪಡೆದ ಸ್ಪಷ್ಟ ಒಪ್ಪಿಗೆಯೇ ಬೇಕು ಎನ್ನುತ್ತದೆ. ಕೇವಲ ಖಾಸಗಿಯಾದ, ಮನೆಮಂದಿಯ ನಡುವಿನ ವ್ಯವಹಾರವನ್ನು ಇದೇ ಕಾನೂನು ಮುಟ್ಟುವುದಿಲ್ಲ. ಹಾಗಾಗಿ “ಅಕ್ಕ ತಂಗಿಗೆ ಕಳಿಸಿದರೆ ಕಾನೂನಿನ ಅಡ್ಡಿಯಿಲ್ಲವಲ್ಲ” ಎಂದು ಯಾರಾದರೂ ಹೇಳಿದರೆ ಮಾತು ನಿಜವಿರಬಹುದು, ಅದರಿಂದ ಅಣ್ಣನ ಒಪ್ಪಿಗೆ ಸಿಕ್ಕಂತಾಗುವುದಿಲ್ಲ.

ಇಂಥ ಇಕ್ಕಟ್ಟು ವೈದ್ಯರನ್ನೂ ಕಾಡಿದೆ. ಹೆತ್ತವರಿಂದ ಮಕ್ಕಳಿಗೆ ಇಳಿದು ಬರಬಹುದಾದ, ಮಿದುಳನ್ನು ಕೆಡಿಸುವ ಹಂಟಿಂಗ್ಟನ್ ಕಾಯಿಲೆಯಿದ್ದ ತಂದೆಯೊಬ್ಬರು ತಮ್ಮ ಗರ್ಭಿಣಿ ಮಗಳಿಗೆ ವಿಷಯ ತಿಳಿಸಬಾರದೆಂದು ಹೇಳಿದ್ದರಿಂದ ವೈದ್ಯರು ಸುಮ್ಮನಿದ್ದ ಪ್ರಕರಣದಲ್ಲಿ ಇಂಗ್ಲೆಂಡಿನ ಹೈಕೋರ್ಟ್ 2020ರಲ್ಲಿ ತೀರ್ಪು ಕೊಟ್ಟಿತು. ರೋಗಿಯ ಗೋಪ್ಯತೆಯನ್ನೂ ಗಂಭೀರ ಅಪಾಯದಲ್ಲಿರುವ ಸಂಬಂಧಿಯ ಹಿತವನ್ನೂ ತೂಗಿ ನೋಡುವ ಹೊಣೆ ಅಲ್ಲಿನ ವೈದ್ಯರಿಗಿತ್ತು ಎಂದ ನ್ಯಾಯಾಲಯ, ತಿಳಿಸದಿರುವ ಅವರ ತೀರ್ಮಾನವನ್ನು ಎತ್ತಿಹಿಡಿದು ಮಗಳ ದಾವೆಯನ್ನು ವಜಾ ಮಾಡಿತು. ಅಷ್ಟು ಓದಿದವರೇ ನ್ಯಾಯಾಲಯದವರೆಗೆ ಹೋದ ತೂಕವನ್ನು ನೀವು ಮೊಬೈಲ್ ಹಿಡಿದುಕೊಂಡು ಒಬ್ಬರೇ ಮಾಡಬೇಕಾಗಿಲ್ಲ.

ಆದ್ದರಿಂದ ಅಣ್ಣನೊಡನೆ ಮಾತಾಡಿ. ಅದಕ್ಕೂ ಮೊದಲು ತಂಗಿಯ ಅನುಮತಿ ಬೇಕು, ಏಕೆಂದರೆ ವೈದ್ಯರು ಅವಳನ್ನು ಯಾಕೆ ವಿಚಾರಿಸಿದರೆಂಬುದು ಅವಳ ಖಾಸಗಿ ಸಂಗತಿ. ಗುಟ್ಟು ಕಾಯುವುದು ಅಣ್ಣನ ಪಾಲಿಗೆ ಮಾತ್ರ ಎಂದುಕೊಂಡರೆ ಇನ್ನೊಂದು ಕಡೆ ಎಡವುತ್ತೀರಿ. ಅಣ್ಣನೆದುರು ಕುಳಿತಾಗ “ಹೇಳಲೇ ಬೇಡವೇ” ಎಂದು ಕೇಳಬೇಡಿ. ಅಂಥ ಪ್ರಶ್ನೆಗೆ ಹೆದರಿದವರು ಕೊಡುವ ಉತ್ತರ “ಬೇಡ” ಎಂದೇ. ಅವರ ಭಯ ಯಾವುದರದ್ದು ಎಂದು ಮೊದಲು ಕೇಳಿ. ಕಚೇರಿಯದೋ, ವಿಮೆಯದೋ, ಮಕ್ಕಳಿದ್ದರೆ ಅವರಿಗೂ ಹೇಳಬೇಕಾಗುತ್ತದೆಂಬುದೋ? ಒಂದೊಂದಕ್ಕೂ ಒಂದೊಂದು ದಾರಿಯಿದೆ. ಅನೇಕ ಆಸ್ಪತ್ರೆಗಳ ಜೀನ್ ಸಲಹೆಗಾರರು ಸಂಬಂಧಿಕರಿಗೆ ಕೊಡಲೆಂದೇ ಒಂದು ಪತ್ರ ಬರೆದುಕೊಡುತ್ತಾರೆ. ಕುಟುಂಬದಲ್ಲಿ ಇಂಥ ದೋಷವಿದೆ, ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು ಎಂಬುದಷ್ಟೇ ಅದರಲ್ಲಿರುತ್ತದೆ. ರೋಗಿಯ ಹೆಸರಿಲ್ಲದಂತೆ, ಚಿಕಿತ್ಸೆಯ ವಿವರವಿಲ್ಲದಂತೆ ಬರೆದುಕೊಡಿ ಎಂದು ಅಣ್ಣನೇ ಕೇಳಬಹುದು. ಆ ಪತ್ರ ಯಾರಿಗೆ, ಯಾವ ಕೆಲಸಕ್ಕೆ, ಎಲ್ಲಿ ಉಳಿಯುತ್ತದೆ ಎಂಬುದನ್ನು ಬಿಡಿಸಿ ಹೇಳಿ ಒಪ್ಪಿಗೆ ಕೇಳಿ. ಮುಂದೆ ಮನಸ್ಸು ಬದಲಾದರೆ ಇನ್ನಷ್ಟು ಹಂಚುವುದನ್ನು ನಿಲ್ಲಿಸಬಹುದು, ಕಡತಕ್ಕೆ ಸೇರಿದ್ದನ್ನು ಹಿಂದಕ್ಕೆ ತರುವುದು ಕಷ್ಟ ಎಂಬುದನ್ನೂ ಮುಚ್ಚಿಡಬೇಡಿ. ಅಂದ ಹಾಗೆ, ನಿಮ್ಮ ಮೊಬೈಲ್ ಚಿತ್ರಗಳನ್ನೂ ಕಡತಗಳನ್ನೂ ತಾನಾಗಿಯೇ ಕ್ಲೌಡ್‌ನಲ್ಲಿ ಉಳಿಸುವಂತಿದ್ದರೆ ಅಣ್ಣನ ವರದಿ ಆಗಲೇ ಯಾವುದೋ ದೇಶದ ಸರ್ವರ್ ಸೇರಿರಬಹುದು. ಅದನ್ನು ಇಂದೇ ನೋಡಿ ಸರಿಪಡಿಸಿ.

ಅಣ್ಣ ಒಪ್ಪದಿದ್ದರೆ? ವರದಿ ಕಳಿಸುವಂತಿಲ್ಲ, “ಬಿಆರ್‌ಸಿಎ ಪರೀಕ್ಷೆ ಮಾಡಿಸಿಕೋ” ಎಂಬ ಸೂಚನೆಯನ್ನೂ ಕೊಡುವಂತಿಲ್ಲ. ಮೂವರೇ ಇರುವಲ್ಲಿ ಹೆಸರು ಹೇಳದಿದ್ದರೂ ಹೇಳಿದಂತೆಯೇ. ಆದರೆ ಅಣ್ಣನಿಗೆ ಸ್ತನ ಕ್ಯಾನ್ಸರ್ ಆಗಿತ್ತೆಂಬುದು ತಂಗಿಗೆ ಗೊತ್ತೇ ಇದೆ, ಅದನ್ನು ಅವಳು ತನ್ನ ವೈದ್ಯರಿಗೆ ಹೇಳುವುದರಲ್ಲಿ ಯಾವ ಗುಟ್ಟೂ ಒಡೆಯುವುದಿಲ್ಲ. ಕುಟುಂಬದ ಕಾಯಿಲೆಗಳ ವಿವರದಲ್ಲಿ ಬೇಕಾಗುವುದು ಸಂಬಂಧ, ಕಾಯಿಲೆ, ಅದು ಬಂದ ವಯಸ್ಸು, ಹೆಸರು ಬರೆಯಬೇಕಿಲ್ಲ. ಗಂಡಸರಲ್ಲಿ ಈ ಕ್ಯಾನ್ಸರ್ ಅಪರೂಪವಾದ್ದರಿಂದ ಅದೊಂದೇ ಸಂಗತಿ ವೈದ್ಯರು ಜೀನ್ ಪರೀಕ್ಷೆಯ ಬಗ್ಗೆ ಯೋಚಿಸಲು ಬಲವಾದ ಕಾರಣ. ಪೂರ್ತಿ ಜೀನನ್ನು ಓದಿಸುವ ಪರೀಕ್ಷೆ ಎರಡು ಸಾಲಿನ ಸುಳಿವಿನಷ್ಟು ನಿಖರವಾದ ಭರವಸೆ ಕೊಡದಿದ್ದರೂ ಅವಳು ಕತ್ತಲಲ್ಲಿ ಉಳಿಯುವುದಿಲ್ಲ. ನೀವೂ ಇದೇ ಆಧಾರದ ಮೇಲೆ ನಿಮ್ಮ ವೈದ್ಯರನ್ನು ಕಾಣಬಹುದು.

ತಂಗಿಗೆ “ನನ್ನ ಹತ್ತಿರ ಏನೂ ಇಲ್ಲ” ಎಂದು ಮಾತ್ರ ಬರೆಯಬೇಡಿ. “ಅಣ್ಣನ ಕಾಗದಪತ್ರಗಳ ಮಾತನ್ನು ಅಣ್ಣನೇ ನಿರ್ಧರಿಸಬೇಕು, ನೀನು ಒಪ್ಪಿದರೆ ನಿನ್ನ ವೈದ್ಯರು ಕೇಳಿದ್ದಾರೆಂದು ಅವನಿಗೆ ಹೇಳಿ, ಇಂಥ ದಿನದೊಳಗೆ ನಿನಗೆ ತಿಳಿಸುತ್ತೇನೆ, ಅಲ್ಲಿಯವರೆಗೆ ಕಾಯದೆ ನಿನಗೆ ಗೊತ್ತಿರುವಷ್ಟನ್ನು ವೈದ್ಯರಿಗೆ ಹೇಳು” ಎಂದು ಬರೆಯಿರಿ. ಆ ದಿನಾಂಕವನ್ನು ಅವಳ ಮುಂದಿನ ತಪಾಸಣೆಗಿಂತ ಮುಂಚೆಯೇ ಇಟ್ಟುಕೊಳ್ಳಿ.