ಪೊಲೀಸರ ಮುಂದೆ ಒಪ್ಪಿಕೊಂಡರೆ ಶಿಕ್ಷೆ ಆಗೇ ಬಿಡುತ್ತಾ?

ದಾವಣಗೆರೆಯಲ್ಲಿ ತಮ್ಮನನ್ನು ಕಳ್ಳತನದ ಕೇಸಲ್ಲಿ ಹಿಡಿದು, ಹೊಡೆದು ಒಪ್ಪಿಸಿ ಸಹಿ ಹಾಕಿಸಿಕೊಂಡಿದ್ದಾರೆ, ಇನ್ನು ಜೈಲೇ ಗತಿನಾ ಅಂತ ಕೇಳಿದ್ದೀರಿ. ಆ ಸಹಿಯಿಂದಲೇ ಶಿಕ್ಷೆ ಆಗಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಇದನ್ನೇ ಹೇಳುತ್ತಿತ್ತು, 2024ರ ಜುಲೈನಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಆಗಿದೆ, ಅಷ್ಟೇ.

ಎಡವಟ್ಟಾಗೋದು ಪಂಚನಾಮೆಯಲ್ಲಿ, ಅಂದರೆ ಸಾಕ್ಷಿಗಳ ಮುಂದೆ ಪೊಲೀಸರು ಬರೆಯುವ ಜಪ್ತಿ ದಾಖಲೆಯಲ್ಲಿ. ಆರೋಪಿ ತೋರಿಸಿದ ಜಾಗದಲ್ಲಿ ಮಾಲು ಸಿಕ್ಕಿತು ಅಂತ ಬರೆದರೆ, ಆ ಪತ್ತೆಗೆ ಸಂಬಂಧಪಟ್ಟಷ್ಟು ಮಾತು ಸಾಕ್ಷ್ಯಕ್ಕೆ ಬರುತ್ತೆ. ಸುಳ್ಳು ಕೇಸು ಹೆಣೆಯುವವರು ನುಸುಳೋದು ಇಲ್ಲೇ: ಮಾಲು ಮೊದಲೇ ಠಾಣೆಯಲ್ಲಿರುತ್ತೆ, ಪಂಚರು (ಆ ದಾಖಲೆಗೆ ಸಹಿ ಹಾಕುವ ಸಾಕ್ಷಿಗಳು) ಎದುರಿನ ಟೀ ಅಂಗಡಿಯವರು, ಪಾಪ ಓದದೇ ಸಹಿ ಹಾಕಿರುತ್ತಾರೆ. ಎಷ್ಟು ಗಂಟೆಗೆ ಹೋದಿರಿ, ಯಾವ ಗಾಡಿಯಲ್ಲಿ, ಎಲ್ಲಿ ಕೂತು ಬರೆದರು ಅಂತ ಪಾಟೀಸವಾಲಿನಲ್ಲಿ, ಅಂದರೆ ಕೋರ್ಟಿನಲ್ಲಿ ನಿಮ್ಮ ವಕೀಲರು ಆ ಸಾಕ್ಷಿಗಳಿಗೆ ಪ್ರಶ್ನೆ ಹಾಕುವಾಗ, ಕೆದಕಿದರೆ ಇಂಥದ್ದು ಬಿಚ್ಚಿಕೊಳ್ಳುತ್ತೆ. ಈಗ ಜಪ್ತಿಯ ವಿಡಿಯೋ ಕಡ್ಡಾಯ, ಅದನ್ನೂ ಕೇಳಿ.

ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಹೊಡೆದಿದ್ದನ್ನು ತಮ್ಮ ಅಲ್ಲೇ ಬಾಯಿಬಿಟ್ಟು ಹೇಳಲಿ, ವೈದ್ಯಕೀಯ ಪರೀಕ್ಷೆ ಬೇಕು ಅನ್ನಲಿ. ಹೆದರಿ ಸುಮ್ನಿದ್ದರೆ ಆಮೇಲೆ ನಂಬಿಸೋದು ಕಷ್ಟ. ವಕೀಲರಿಗೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಕಸ್ಟಡಿಯಲ್ಲಿರುವವರಿಗೆ ಉಚಿತ.