ಒಲೆಗೆ ಮೊದಲು ಪೈಪು ನೋಡಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಹಂಚಿನ ಮನೆ. ಅಡುಗೆಮನೆ ಒಲೆ ಒಡೆಸಿ ಮೂರು ಪಾತ್ರೆ ಕೂರುವ ಅಸ್ತ್ರ ಒಲೆ ಕಟ್ಟಿಸಬೇಕು ಅಂತಿದ್ದೇವೆ. ಹಿಂದಿನ ಒಲೆಯ ಮೂರು ಇಂಚಿನ ಸಿಮೆಂಟ್ ಪೈಪು ಹಾಗೇ ಇದೆ. ಅದು ಗೋಡೆಯಿಂದ ಹೊರಗೆ ಹೋಗಿ, ಮೊಣಕೈ ಹಾಗೆ ಬಾಗಿ, ಸೂರಿನ ಕೆಳಗೇ ನಿಂತಿದೆ. ಗಾಳಿಮಳೆ ಬಂದರೆ ಹೊಗೆಯೆಲ್ಲ ಮನೆಯೊಳಗೆ. ಹೊಸ ಒಲೆಯನ್ನು ಇದಕ್ಕೇ ಜೋಡಿಸಬಹುದಾ?
– ಓದುಗರೊಬ್ಬರು

ಉತ್ತರ: ಜೋಡಿಸಬೇಡಿ. ಒಲೆ ಹೊಸದಾದರೂ ನಿಮ್ಮ ಕಣ್ಣೀರು ಹಳೆಯದೇ ಆಗಿರುತ್ತದೆ.

ನಾನು ಮೊದಲು ಕಟ್ಟಿದ್ದು ನಮ್ಮನೆ ಬಚ್ಚಲಿನ ಹಂಡೆ ಒಲೆ. ಪೈಪು ಹಂಚಿನಿಂದ ಒಂದಡಿ ಮೇಲೆ ಬಂದರೆ ಸಾಕು ಅಂದುಕೊಂಡಿದ್ದೆ. ಆಷಾಢದ ಗಾಳಿ ಶುರುವಾಯಿತು ನೋಡಿ, ಸ್ನಾನಕ್ಕೆ ಹೋದವರೆಲ್ಲ ಕೆಮ್ಮುತ್ತಾ ವಾಪಸ್. 'ನೀನು ಹೊಗೆ ಹೊರಗೆ ಕಳಿಸ್ತೀಯೋ, ಒಳಗೆ ಕರೀತೀಯೋ?' ಅಂತ ಅಮ್ಮ ಕೇಳಿದಳು. ಒಲೆ ಬಾಯಿಯನ್ನು ಮೂರು ಸಲ ಒಡೆದು ಕಟ್ಟಿದೆ. ತಪ್ಪು ಇದ್ದದ್ದು ಮಾಡಿನ (ಛಾವಣಿಯ) ಮೇಲೆ.

ಪೈಪಿನಲ್ಲಿ ಎಳೆತ ಹುಟ್ಟುವುದು ಎತ್ತರದಿಂದ. ಬಿಸಿ ಹೊಗೆ ಹಗುರ. ಅದು ನೆಟ್ಟಗೆ ಎಷ್ಟು ಮೇಲೆ ಹೋಗುತ್ತದೋ ಒಲೆ ಬಾಯಿಂದ ಅಷ್ಟು ಗಾಳಿ ಎಳೆದುಕೊಳ್ಳುತ್ತದೆ. ಅಸ್ತ್ರ ಒಲೆಗೆ ಇದು ಇನ್ನೂ ಮುಖ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ತಂಡದವರು ರೂಪಿಸಿದ ಒಲೆ ಅದು. ಒಂದೇ ಬೆಂಕಿ ಮೂರು ಪಾತ್ರೆಗಳ ಕೆಳಗೆ ಹಾದು ಪೈಪು ಸೇರಬೇಕು. ಪೈಪು ಎಳೆಯದಿದ್ದರೆ ಮೂರನೇ ಪಾತ್ರೆ ಬೆಚ್ಚಗೂ ಆಗುವುದಿಲ್ಲ.

ಆದ್ದರಿಂದ ಪೈಪು ಮಾಡನ್ನು ದಾಟಿ ನೆಟ್ಟಗೆ ಮೇಲೆ ಹೋಗಲಿ. ಹಂಚಿನಿಂದ ಮೂರು ಅಡಿಯಾದರೂ ಮೇಲೆ ಇರಬೇಕು. ಸುತ್ತ ಹತ್ತು ಅಡಿ ದೂರದೊಳಗೆ ಮಾಡಿನ ಭಾಗವೋ ಗೋಡೆಯೋ ಇದ್ದರೆ ಅದಕ್ಕಿಂತಲೂ ಎರಡು ಅಡಿ ಎತ್ತರ ಬೇಕು. ಮಾಡಿನ ನೆತ್ತಿ ಹತ್ತಿ ಬಂದ ಗಾಳಿ ಆಚೆ ಬದಿಗೆ ಮಗುಚಿ ಬೀಳುತ್ತದೆ. ಗಿಡ್ಡ ಪೈಪು ಇದ್ದರೆ ನೇರ ಅದರ ಬಾಯಿಗೇ. ನಮ್ಮ ಬಚ್ಚಲಿನ ಕಥೆ ಇದೇ. ದಾರಿಯಲ್ಲಿ ಮರದ ತೊಲೆ ಅಡ್ಡ ಬಂದರೆ ಓರೆಯಾಗಿ ಬಾಗಿಸಿ, ಮೊಣಕೈ ಬೇಡವೇ ಬೇಡ.

ಅಗಲ ನಾಲ್ಕು ಇಂಚು ಇಡಿ. ಮೂರಕ್ಕೂ ನಾಲ್ಕಕ್ಕೂ ಒಂದೇ ಇಂಚು ವ್ಯತ್ಯಾಸ ಅಂತ ಅನಿಸುತ್ತದೆ. ಒಳಗಿನ ಜಾಗ ಮಾತ್ರ ಒಂದೂಮುಕ್ಕಾಲು ಪಟ್ಟು ಆಗುತ್ತದೆ. ಮಸಿ ಕಟ್ಟಿದ ಮೇಲೂ ಉಸಿರಾಡಲು ಜಾಗ ಬೇಕಲ್ವಾ?

ನಿಮ್ಮ ಹಳೇ ಸಿಮೆಂಟ್ ಪೈಪು ಕಲ್ನಾರಿನದು (ಆಸ್ಬೆಸ್ಟಾಸ್) ಇರಬಹುದು. ಅದನ್ನು ಗರಗಸ ಹಾಕಿ ಕೊಯ್ಯಿಸಬೇಡಿ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿ ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ತೆಗೆಸಿ. ಬಿಸಿಗೆ ಅದು ಸೀಳುವುದೂ ಉಂಟು. ಒಲೆಯಿಂದ ಮೊದಲ ಎರಡು ಮೂರು ಅಡಿ ಇಟ್ಟಿಗೆ ಮತ್ತು ಮಣ್ಣಿನ ಗೂಡು ಕಟ್ಟಿಸಿ, ಅದರ ಮೇಲೆ ಕಬ್ಬಿಣದ ಪೈಪು ಕೂರಿಸಿ. ಗೂಡಿನ ಬುಡದಲ್ಲಿ ಕೈ ಹೋಗುವಷ್ಟು ಒಂದು ಕಿಂಡಿ, ಅದಕ್ಕೊಂದು ಮುಚ್ಚಳ. ಮಸಿ ಎಳೆಯಲು ಇದು ಬೇಕೇ ಬೇಕು. ಮೇಸ್ತ್ರಿಗಳು ಮರೆಯುವುದೂ ಇದನ್ನೇ! ಸಂದುಗಳಿಗೆ ಸಿಮೆಂಟು ಮೆತ್ತಿದರೆ ಬಿರುಕು ಬಿಡುತ್ತದೆ. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಮೆತ್ತಿ.

ಇನ್ನು ಹೆದರಿಕೆ ಇರಬೇಕಾದ ಜಾಗ. ಪಕಾಸು (ಮಾಡಿನ ಇಳಿಜಾರು ಮರ), ರೀಪುಗಳ (ಹಂಚು ಕೂರುವ ಅಡ್ಡಪಟ್ಟಿ) ಹತ್ತಿರ ಪೈಪು ಹೋದರೆ ಮರ ದಿನದಿನವೂ ಒಣಗಿ ಕಪ್ಪಾಗುತ್ತದೆ. ಕೊನೆಗೊಂದು ದಿನ ಸುಮ್ನೆ ಹೊತ್ತಿಕೊಳ್ಳಬಹುದು. ಒಂಟಿ ತಗಡಿನ ಪೈಪಿಗೂ ಮರಕ್ಕೂ ಒಂದೂವರೆ ಅಡಿ ಅಂತರ ಇರಬೇಕು. ಎರಡು ಪಕಾಸುಗಳ ನಡುವೆ ಅಷ್ಟು ಜಾಗ ಸಿಗುವುದು ಕಷ್ಟ. ಬಡಗಿಯನ್ನು ಕರೆಸಿ ಒಂದು ಪಕಾಸನ್ನು ಅಲ್ಲಿ ಕತ್ತರಿಸಿ, ಮೇಲೂ ಕೆಳಗೂ ಅಡ್ಡಮರ ಕೊಡಿಸಿ. ಆ ಕಿಂಡಿಯಲ್ಲಿ ಹಂಚು ಹೊರಲು ರೀಪಿನ ಬದಲು ಕಬ್ಬಿಣದ ಆಂಗಲ್ ಹಾಕಿಸಿ. ಖರ್ಚು ಸ್ವಲ್ಪ ಜಾಸ್ತಿ. ನಾನಂತೂ ಇದಿಲ್ಲದೆ ಒಲೆ ಕಟ್ಟಿ ಕೊಡುವುದಿಲ್ಲ. ಅಟ್ಟದಲ್ಲಿ ಇಲ್ಲಣ (ಮಸಿ ಹಿಡಿದ ಜೇಡರ ಬಲೆ) ಜೋತಾಡುತ್ತಿದ್ದರೆ ಮೊದಲೇ ಗುಡಿಸಿ, ಅದಕ್ಕೂ ಬೆಂಕಿ ಅಂದರೆ ಪ್ರೀತಿ.

ಪೈಪು ಹಂಚು ದಾಟುವಲ್ಲಿ ಸುತ್ತ ತಗಡಿನ ಪಟ್ಟಿ ಕೊಡಿಸಿ, ಮೇಲಿನ ಹಂಚಿನ ಅಡಿಗೆ ಅದು ನುಗ್ಗಿರಲಿ. ತುದಿಗೆ ಟೋಪಿ ಬೇಕು, ಆದರೆ ಪೈಪಿನ ಬಾಯಿಗೆ ಅಂಟಿದ ಹಾಗೆ ಅಲ್ಲ. ನಡುವೆ ನಾಲ್ಕು ಇಂಚು ಬಿಡಿ. ಹಕ್ಕಿ ಗೂಡು ಕಟ್ಟದ ಹಾಗೆ ದೊಡ್ಡ ಕಣ್ಣಿನ ಜಾಲರಿ ಸುತ್ತಿದರೆ ಒಳ್ಳೆಯದು.

ಒಲೆ ಕಟ್ಟಿದ ಮೇಲೆ ಹಸಿ ಆರಲು ಬಿಡಿ. ಮೊದಲ ದಿನ ಬುಡದ ಕಿಂಡಿಯಲ್ಲಿ ಎರಡು ಹಾಳೆ ಪೇಪರ್ ಉರಿಸಿ ಪೈಪು ಬೆಚ್ಚಗೆ ಮಾಡಿ, ಮುಚ್ಚಳ ಹಾಕಿ. ಆಮೇಲೆ ಒಲೆ ಬಾಯಿಗೆ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಓಡಿದರೆ ಸೌದೆ ಇಡಿ. ನಿಮ್ಮ ಮುಖಕ್ಕೇ ಬಂದರೆ ಮೇಸ್ತ್ರಿಗೆ ಕೊನೆಯ ಕಂತು ಕೊಡಬೇಡಿ.